ಹಳೆಯ ಕಾರಿಗೆ ಹೊಸ ಬಲ ಎಲ್ಲಿಂದ?

ಬೈಂದೂರಿನವರಿಗೆ ಕೊಲ್ಲೂರು ದಾಟಿದರೆ ನಾಗೋಡಿ ಘಾಟಿ. ಕುಂದಾಪುರದವರಿಗೆ ಸಿದ್ದಾಪುರ, ಹೊಸಂಗಡಿ ದಾಟಿದರೆ ಬಾಳೆಬರೆ ಘಾಟಿ. ಬ್ರಹ್ಮಾವರದವರಿಗೆ ಹೆಬ್ರಿ, ಸೋಮೇಶ್ವರ ದಾಟಿದರೆ ಹದಿನಾಲ್ಕು ಸುತ್ತುಗಳ ಆಗುಂಬೆ ಘಾಟಿ. ಈ ಮೂರು ಊರುಗಳಿಂದ ಶಿವಮೊಗ್ಗದ ಕಡೆಗೆ ಮುಖ ಮಾಡಿದ ಯಾವ ವಾಹನಕ್ಕೂ ಘಾಟಿಯ ಪರೀಕ್ಷೆ ತಪ್ಪಿದ್ದಲ್ಲ.

ಹೊಸ ಕಾರುಗಳು ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತವೆ. ಕಷ್ಟವೆಲ್ಲ ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಜಿಪ್ಸಿಗಳದ್ದು. ಮೂರನೆಯ ಸುತ್ತಿನಲ್ಲಿ ಎರಡನೆಯ ಗೇರು, ಆರನೆಯದರಲ್ಲಿ ಒಂದನೆಯ ಗೇರು, ಹತ್ತನೆಯದರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ. ಕಾರು ಪಕ್ಕಕ್ಕೆ ನಿಲ್ಲುತ್ತದೆ, ಹಿಂದಿನ ಚಕ್ರಕ್ಕೆ ಕಲ್ಲು ಬೀಳುತ್ತದೆ. ಹಿಂದೆ ಸಾಲುಗಟ್ಟಿದ ವಾಹನಗಳವರಿಗೆ ಚಾಲಕ ಹೇಳುವುದು ಒಂದೇ ಮಾತು: ‘ಗಾಡಿ ಎಳೂದಿಲ್ಲೆ ಮರ್ರೆ.’

ಇಂತಹ ಒಂದು ಕಾರು ಮನೆಯಲ್ಲಿದ್ದು, ಅದೇ ಮನೆಯಲ್ಲಿ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಓದುವ ಹುಡುಗನೊಬ್ಬನಿದ್ದರೆ ಮುಂದಿನ ಮಾತುಕತೆಯನ್ನು ಊಹಿಸುವುದು ಕಷ್ಟವಲ್ಲ. ‘ಅಪ್ಪಯ್ಯಾ, ಇದ್ರ ಎಂಜಿನ್ ಬದಲ್ಸುವ’ ಎನ್ನುತ್ತಾನೆ ಮಗ. ‘ಸುಮ್ನಿರ್ ಮಾಣಿ, ಇದ್ದದ್ ಸಾಕ್’ ಎನ್ನುತ್ತಾರೆ ತಂದೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಹಳೆಯ ನಾಲ್ಕು ಸಿಲಿಂಡರ್ ಕಾರಿನಿಂದ ಈಗಿರುವುದಕ್ಕಿಂತ ಹೆಚ್ಚು ಬಲ ಪಡೆಯುವುದು ಖಂಡಿತ ಸಾಧ್ಯ. ಆದರೆ ಆ ಬಲ ಬರುವುದು ಮಗ ಹುಡುಕುವ ಜಾಗದಿಂದಲ್ಲ. ಬಂದ ಬಲವನ್ನು ತಡೆದು ನಿಲ್ಲಿಸುವ ಏರ್ಪಾಡು ಇಲ್ಲದಿದ್ದರೆ ತಂದೆಯ ಭಯವೇ ನಿಜವಾಗುತ್ತದೆ.

ಘಾಟಿಗೆ ಎಷ್ಟು ಬಲ ಬೇಕು?

ಪಿಯುಸಿಯ ಭೌತಶಾಸ್ತ್ರ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಐದು ಜನ, ಒಂದಿಷ್ಟು ಸಾಮಾನು ಹೇರಿದ ಅಂಬಾಸಿಡರ್ ಕಾರಿನ ಒಟ್ಟು ತೂಕ 1500 ಕಿಲೋ ಎಂದಿಟ್ಟುಕೊಳ್ಳೋಣ. ರಸ್ತೆ 15 ಮೀಟರಿಗೆ ಒಂದು ಮೀಟರ್ ಏರುತ್ತದೆ. ಭಾರ 1500 × 9.8, ಅಂದರೆ 14,700 ನ್ಯೂಟನ್. ಅದರ ಹದಿನೈದನೆಯ ಒಂದು ಪಾಲು, 980 ನ್ಯೂಟನ್, ಕಾರನ್ನು ಸದಾ ಹಿಂದಕ್ಕೆ ಎಳೆಯುತ್ತಿರುತ್ತದೆ. ಗಂಟೆಗೆ 30 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 8.33 ಮೀಟರ್. ಎರಡನ್ನೂ ಗುಣಿಸಿದರೆ 8,160 ವ್ಯಾಟಿಗೂ ತುಸು ಹೆಚ್ಚು. 746 ವ್ಯಾಟಿಗೆ ಒಂದು ಅಶ್ವಶಕ್ತಿಯಂತೆ ಇದು ಸುಮಾರು 11 ಅಶ್ವಶಕ್ತಿ. ಅದೇ ಏರನ್ನು 60 ಕಿ.ಮೀ. ವೇಗದಲ್ಲಿ ಹತ್ತಬೇಕಾದರೆ 22.

ಇದು ಬರೇ ಭಾರ ಎತ್ತುವ ಕೂಲಿ. ಟಯರಿನ ಉರುಳಾಟ, ಗಾಳಿಯ ತಡೆ ಇವೆಲ್ಲ ಸೇರಿದರೆ 60 ಕಿ.ಮೀ. ವೇಗಕ್ಕೆ ಚಕ್ರಗಳ ಬಳಿ 30 ಅಶ್ವಶಕ್ತಿಯಾದರೂ ಬೇಕು. ಪೆಟ್ರೋಲ್ ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನು ಹೊಸತಿದ್ದಾಗ ಕೊಡುತ್ತಿದ್ದದ್ದು 50ರಿಂದ 55 ಅಶ್ವಶಕ್ತಿ. ಅದರಲ್ಲೂ ಒಂದು ಪಾಲನ್ನು ಗೇರ್ ಬಾಕ್ಸು, ಡಿಫರೆನ್ಷಿಯಲ್ಲುಗಳು ದಾರಿಯಲ್ಲೇ ತಿನ್ನುತ್ತವೆ. ಟ್ಯಾಕ್ಸಿಗಳಲ್ಲಿ ಜನಪ್ರಿಯವಾಗಿದ್ದ 1489 ಸಿ.ಸಿ. ಡೀಸೆಲ್ ಎಂಜಿನ್ನಿನದ್ದು ಬರೇ 37. ಲೆಕ್ಕ ನೋಡಿದರೆ ಆ ಡೀಸೆಲ್ ಕಾರು ಘಾಟಿಯಲ್ಲಿ 60 ಮುಟ್ಟುವಾಗ ಅದರ ಕೈ ಪೂರ್ತಿ ಖಾಲಿ. ವಯಸ್ಸಾದ ಮೇಲೆ ಕಾಲು ಪಾಲು ಬಲ ಸೋರಿಹೋಗಿದ್ದರಂತೂ ಎರಡನೆಯ ಗೇರೇ ಗತಿ.

ಇನ್ನೊಂದು ಲೆಕ್ಕವೂ ಇದೆ. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. ಸುಮಾರು 650 ಮೀಟರ್ ಎತ್ತರದ ಆಗುಂಬೆಯಲ್ಲಿ ಗಾಳಿಯ ಸಾಂದ್ರತೆ ಸಮುದ್ರದಂಡೆಗಿಂತ ಶೇಕಡಾ ಆರರಷ್ಟು ಕಡಿಮೆ. ಹಳೆಯ ಎಂಜಿನ್ನಿನ ಬಲವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಅತಿ ಹೆಚ್ಚು ಬಲ ಬೇಕಾದ ಕಡೆಯಲ್ಲೇ ಕಾರು ಬಲ ಕಳೆದುಕೊಳ್ಳುತ್ತದೆ.

ಬಲವೆಂದರೆ ಗಾಳಿ

ಹೀಗೆ ಗಾಳಿಗೂ ಬಲಕ್ಕೂ ಏಕೆ ಇಷ್ಟು ನಂಟು? ನಾಲ್ಕು ಹೊಡೆತದ ಎಂಜಿನ್ನಿನ ದಿನಚರಿ ಸರಳ: ಹೀರು, ಒತ್ತು, ಉರಿಸು, ಹೊರದೂಡು. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಹದಿನಾಲ್ಕು-ಹದಿನೈದು ಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು; ಗಾಳಿ ಸಾಲದಿದ್ದರೆ ಅದು ಕಪ್ಪು ಹೊಗೆಯಾಗಿ ಹೋಗುತ್ತದೆಯೇ ಹೊರತು ಬಲವಾಗುವುದಿಲ್ಲ. 1489 ಸಿ.ಸಿ. ಎಂಜಿನ್ನು ಎರಡು ಸುತ್ತಿಗೊಮ್ಮೆ ಅಷ್ಟು ಗಾಳಿ ಹೀರುತ್ತದೆ. ನಿಮಿಷಕ್ಕೆ 4000 ಸುತ್ತು ತಿರುಗುವಾಗ ಲೆಕ್ಕದ ಪ್ರಕಾರ ಸುಮಾರು 3000 ಲೀಟರ್. ನಿಜದಲ್ಲಿ ಇಷ್ಟು ಒಳಗೆ ಹೋಗುವುದೇ ಇಲ್ಲ. ಫಿಲ್ಟರು, ಕಾರ್ಬ್ಯುರೇಟರು, ವಾಲ್ವಿನ ಕಿರಿದಾದ ಬಾಯಿ ಇವೆಲ್ಲ ಗಾಳಿಯನ್ನು ತಡೆಯುತ್ತವೆ.

ಆದ್ದರಿಂದ ಬಲ ಹೆಚ್ಚಿಸುವ ದಾರಿಗಳು ಮೂರೇ ಮೂರು. ಸಿಲಿಂಡರನ್ನು ದೊಡ್ಡದು ಮಾಡಿ ಹೆಚ್ಚು ಗಾಳಿ ಹಿಡಿಸುವುದು. ಇದ್ದ ಸಿಲಿಂಡರಿಗೆ ಗಾಳಿ ಸಲೀಸಾಗಿ ಬಂದು ಹೋಗುವಂತೆ ಮಾಡುವುದು. ಒಳಗೆ ಬಂದ ಗಾಳಿಯನ್ನು ಇನ್ನಷ್ಟು ಒತ್ತಿ ಉರಿಸುವುದು. ಉಳಿದದ್ದೆಲ್ಲ ಈ ಮೂರರ ಬೇರೆ ಬೇರೆ ವೇಷ.

ಇದಕ್ಕೆ ಮಾರುತಿ ಜಿಪ್ಸಿಯೇ ಒಳ್ಳೆಯ ಪಾಠ. 1985ರಲ್ಲಿ ಅದು ಬಂದಾಗ ಎಂಜಿನ್ನು 970 ಸಿ.ಸಿ., ಬಲ 45 ಅಶ್ವಶಕ್ತಿ. 1996ರಲ್ಲಿ ಎಂಜಿನ್ನು 1298 ಸಿ.ಸಿ.ಗೆ ಏರಿತು, ಬಲ 60 ಆಯಿತು. ಗಾತ್ರ ಮೂರನೆಯ ಒಂದು ಪಾಲು ಹೆಚ್ಚಿತು, ಬಲವೂ ಅಷ್ಟೇ ಹೆಚ್ಚಿತು. 2000ದ ಸುಮಾರಿಗೆ ಅದೇ 1298 ಸಿ.ಸಿ.ಗೆ ಹದಿನಾರು ವಾಲ್ವುಗಳು ಬಂದವು. ಕಾರ್ಬ್ಯುರೇಟರ್ ಹೋಗಿ ಇಂಧನ ಸಿಂಪಡಿಸುವ ಎಂಪಿಎಫ್‌ಐ ಬಂತು. ಬಲ 80ಕ್ಕೆ ಜಿಗಿಯಿತು. ಈ ಬಾರಿ ಗಾತ್ರ ಒಂದಿಷ್ಟೂ ಹೆಚ್ಚಿರಲಿಲ್ಲ. ಎಂಜಿನ್ನು ಚೆನ್ನಾಗಿ ಉಸಿರಾಡಲು ಕಲಿತಿತ್ತು, ಅಷ್ಟೇ.

ಅಂಬಾಸಿಡರಿನ ಎಂಜಿನ್ನಿಗೂ ಇಂತಹುದೇ ಒಂದು ಕಥೆಯಿದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾದ ಅಂಬಾಸಿಡರಿನಲ್ಲಿ ಬಹುಕಾಲ ಇದ್ದದ್ದು ‘ಬಿ-ಸರಣಿ’ ಎಂಬ ಎಂಜಿನ್ನು. 1955ರಲ್ಲಿ ಬ್ರಿಟನ್ನಿನಲ್ಲಿ ಬಂದ ಎಂ.ಜಿ.ಎ. ಎಂಬ ಎರಡು ಸೀಟಿನ ಮೋಜಿನ ಕಾರಿನಲ್ಲೂ ಇದ್ದದ್ದು ಅದೇ 1489 ಸಿ.ಸಿ. ಎಂಜಿನ್ನು. ಆದರೆ ಅಲ್ಲಿ ಅದು ಮೊದಲು 68, ನಂತರ 72 ಅಶ್ವಶಕ್ತಿ ಕೊಟ್ಟಿತು. ಒಂದರ ಬದಲು ಎರಡು ಕಾರ್ಬ್ಯುರೇಟರ್, ಹೆಚ್ಚು ಒತ್ತಡ, ಹೆಚ್ಚು ಸುತ್ತು, ಇವೇ ಅದರ ಗುಟ್ಟು. ಮುಂದೆ ಅದೇ ವಂಶದ ಎಂಜಿನ್ನನ್ನು 1798 ಸಿ.ಸಿ.ಗೆ ಹಿಗ್ಗಿಸಿ, 1962ರ ಎಂ.ಜಿ.ಬಿ. ಕಾರಿನಲ್ಲಿ 95 ಅಶ್ವಶಕ್ತಿ ತೆಗೆದರು.

ಇದನ್ನು ಓದಿದ ಹುಡುಗರು ಸ್ಪ್ಯಾನರ್ ಹಿಡಿದು ಓಡುವ ಮೊದಲು ಒಂದು ಮಾತು ನೆನಪಿಡಬೇಕು. ಹಗುರವಾದ ಎಂ.ಜಿ.ಎ.ಯಲ್ಲಿ ಇಬ್ಬರು ಕೂರುತ್ತಿದ್ದರು. ಅಂಬಾಸಿಡರಿನಲ್ಲಿ ಎಷ್ಟು ಜನ ಕೂರುತ್ತಿದ್ದರೆಂಬುದು ಕರಾವಳಿಯವರಿಗೆ ಹೇಳಬೇಕಾಗಿಲ್ಲ! ಮಾಲಿಕರು ಕೇಳಿದ್ದು ವೇಗವನ್ನಲ್ಲ, ಕಡಿಮೆ ಸುತ್ತಿನಲ್ಲಿ ಭಾರ ಎಳೆಯುವ ಶಕ್ತಿಯನ್ನು, ಎಂಥ ಪೆಟ್ರೋಲಿಗೂ ಹೊಂದಿಕೊಳ್ಳುವ ಸ್ವಭಾವವನ್ನು. ತಯಾರಕರು ಎಂಜಿನ್ನನ್ನು ಹದ ಮಾಡಿದ್ದೂ ಹಾಗೆಯೇ.

ಮೊದಲು ಕಳೆದದ್ದನ್ನು ಹುಡುಕಿ

ಮೂವತ್ತು ವರ್ಷದ ಕಾರು ಹುಟ್ಟಿದಾಗ ಇದ್ದ ಬಲವನ್ನೇ ಇಂದೂ ಕೊಡುತ್ತಿದೆಯೆಂದು ನಂಬುವುದು ತಪ್ಪು. ಹೆಚ್ಚಿನ ಹಳೆಯ ಕಾರುಗಳಿಗೆ ಬೇಕಾದದ್ದು ಹೊಸ ಬಲವಲ್ಲ, ಕಳೆದುಹೋದ ಬಲ. ಅದನ್ನು ಮರಳಿ ಪಡೆಯಲು ಕಾನೂನಿನ ಅಡ್ಡಿಯಿಲ್ಲ, ಖರ್ಚೂ ಕಡಿಮೆ. ಕಲಿಯುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆಯೂ ಸಿಗದು.

ಶುರು ಮಾಡಬೇಕಾದದ್ದು ಎಂಜಿನ್ನಿನಿಂದಲ್ಲ, ಚಕ್ರದಿಂದ. ಸಮತಟ್ಟಾದ ಅಂಗಳದಲ್ಲಿ ಕಾರನ್ನು ನ್ಯೂಟ್ರಲ್ಲಿಗೆ ಹಾಕಿ ಕೈಯಿಂದ ತಳ್ಳಿ ನೋಡಬೇಕು. ಇಬ್ಬರು ತಳ್ಳಿದರೂ ಹಟ ಹಿಡಿದರೆ ಬ್ರೇಕು ಪೂರ್ತಿ ಬಿಡುತ್ತಿಲ್ಲವೆಂದು ಅರ್ಥ. ಟಯರಿನಲ್ಲಿ ಗಾಳಿ ಕಡಿಮೆಯಿದ್ದರೂ ಇದೇ ಪಾಡು. ಏರಿನಲ್ಲಿ ಎಂಜಿನ್ನಿನ ಸದ್ದು ಏರಿ ಕಾರು ಮಾತ್ರ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟು ಸವೆದಿದೆ. ಎಂಜಿನ್ನು ದುಡಿದದ್ದು ಚಕ್ರ ಮುಟ್ಟುತ್ತಿಲ್ಲ.

ಎರಡನೆಯದು ಕಿಡಿ. ಹಳೆಯ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ತೆರೆದು ಮುಚ್ಚಿ ಕಿಡಿ ಹುಟ್ಟಿಸುತ್ತವೆ. ಅವು ಸುಟ್ಟು ಗುಳಿ ಬಿದ್ದಿದ್ದರೆ, ಅಂತರ ತಪ್ಪಿದ್ದರೆ, ಕಿಡಿಯ ಹೊತ್ತು ಹಿಂದೆಮುಂದೆ ಆಗಿದ್ದರೆ ಎಂಜಿನ್ನು ಅರೆಮನಸ್ಸಿನಿಂದ ದುಡಿಯುತ್ತದೆ. ಆಷಾಢದ ಮಳೆಯಲ್ಲಿ ಬೆಳಿಗ್ಗೆ ಕಾರು ಹಟ ಮಾಡುವುದು ಹೆಚ್ಚಾಗಿ ಇಲ್ಲಿಯ ತೇವದಿಂದಲೇ. ಪಾಯಿಂಟುಗಳ ಜಾಗಕ್ಕೆ ಕೂರುವ ಎಲೆಕ್ಟ್ರಾನಿಕ್ ಜೋಡಣೆಗಳು ಕೆಲವು ಮಾದರಿಗಳಿಗೆ ಸಿಗುತ್ತವೆ. ಅವು ಬಲವನ್ನು ಹೊಸದಾಗಿ ಸೃಷ್ಟಿಸುವುದಿಲ್ಲ. ಇದ್ದದ್ದು ದಿನವೂ ಸಿಗುವಂತೆ ಮಾಡುತ್ತವೆ.

ಮೂರನೆಯದು ಉಸಿರು. ಕೆಂಪು ಮಣ್ಣಿನ ಧೂಳು ತುಂಬಿದ ಏರ್ ಫಿಲ್ಟರು, ಅಂಟು ಕಟ್ಟಿದ ಕಾರ್ಬ್ಯುರೇಟರ್ ಜೆಟ್ಟು, ಮಸಿ ಕಟ್ಟಿದ ಸೈಲೆನ್ಸರು, ಇವುಗಳಲ್ಲಿ ಒಂದಿದ್ದರೂ ಎಂಜಿನ್ನಿಗೆ ಉಬ್ಬಸ. ಆಕ್ಸಿಲರೇಟರನ್ನು ತುದಿಯವರೆಗೆ ತುಳಿದಾಗ ಕಾರ್ಬ್ಯುರೇಟರಿನ ಬಾಯಿ ಪೂರ್ತಿ ತೆರೆಯುತ್ತದೆಯೇ ಎಂದೂ ನೋಡಬೇಕು. ಕೇಬಲ್ಲು ಜಗ್ಗಿ ಮುಕ್ಕಾಲು ಮಾತ್ರ ತೆರೆಯುವ ಕಾರುಗಳಿಗೆ ಬರಗಾಲವಿಲ್ಲ!

ಕೊನೆಯದು ಒತ್ತಡ. ಪ್ಲಗ್ ತೆಗೆದು ಆ ರಂಧ್ರಕ್ಕೆ ಕಂಪ್ರೆಷನ್ ಗೇಜು ಹಿಡಿದು, ಎಂಜಿನ್ ತಿರುಗಿಸಿ, ಒಂದೊಂದೇ ಸಿಲಿಂಡರಿನ ಅಂಕಿ ಬರೆದುಕೊಳ್ಳಬೇಕು. ನಾಲ್ಕರ ನಡುವೆ ಶೇಕಡಾ ಹತ್ತಕ್ಕಿಂತ ಹೆಚ್ಚು ಅಂತರವಿದ್ದರೆ ಎಲ್ಲೋ ಸೋರಿಕೆಯಿದೆ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ಪಿಸ್ಟನ್ ರಿಂಗು ಅಥವಾ ಬೋರು ಸವೆದಿದೆ; ಏರದಿದ್ದರೆ ವಾಲ್ವು ಅಥವಾ ಗ್ಯಾಸ್ಕೆಟ್ಟಿನ ದೋಷ. ಎಂಜಿನ್ ಬಿಚ್ಚದೆ ಅದರ ಒಳಗುಟ್ಟು ತಿಳಿಯುವ ಉಪಾಯವಿದು. ಹೊಗೆಯೂ ಸಾಕ್ಷಿ ಹೇಳುತ್ತದೆ: ನೀಲಿ ಹೊಗೆ ಆಯಿಲ್ ಉರಿಯುವುದರ ಗುರುತು, ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾದದ್ದರ ಗುರುತು. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹಬೆ, ನೀರು ಒಳಸೇರುತ್ತಿರುವುದರ ಗುರುತು.

ಬೋರು, ಹೆಡ್ಡು, ಸೈಲೆನ್ಸರು

‘ಫಾರ್ಟಿ ಬೋರು ಮಾಡಿಸಿದರೆ ಗಾಡಿ ಹಾರುತ್ತದೆ’ ಎಂಬ ಮಾತು ಗ್ಯಾರೇಜುಗಳಲ್ಲಿ ಹಿಂದಿನಿಂದಲೂ ಕೇಳಿಬರುತ್ತದೆ. ಇದನ್ನೂ ಲೆಕ್ಕಕ್ಕೆ ಹಚ್ಚಿ ನೋಡಬಹುದು. ಅಂಬಾಸಿಡರ್ ಪೆಟ್ರೋಲ್ ಎಂಜಿನ್ನಿನ ಸಿಲಿಂಡರ್ ವ್ಯಾಸ 73.025 ಮಿ.ಮೀ., ಪಿಸ್ಟನ್ನಿನ ಓಡಾಟ 88.9 ಮಿ.ಮೀ. ಫಾರ್ಟಿ ಎಂದರೆ ಅಂಗುಲದ ಸಾವಿರದಲ್ಲಿ ನಲವತ್ತು ಭಾಗ, ಒಂದು ಮಿಲಿಮೀಟರಿಗೆ ತುಸು ಹೆಚ್ಚು. ವ್ಯಾಸ ಇಷ್ಟು ಹೆಚ್ಚಿದಾಗ 1489 ಸಿ.ಸಿ. ಇದ್ದದ್ದು ಸುಮಾರು 1531 ಸಿ.ಸಿ. ಆಗುತ್ತದೆ. ಹೆಚ್ಚಳ ಶೇಕಡಾ ಮೂರೂ ಇಲ್ಲ! ಆದರೂ ಬೋರು ಮಾಡಿಸಿದ ಕಾರು ಚುರುಕಾಗುವುದು ನಿಜವೇ. ಅದಕ್ಕೆ ಕಾರಣ ಹಿಗ್ಗಿದ ಗಾತ್ರವಲ್ಲ, ಹೊಸ ಪಿಸ್ಟನ್ನು, ಹೊಸ ರಿಂಗುಗಳಿಂದ ಸೋರಿಕೆ ನಿಂತದ್ದು. ಇಲ್ಲೂ ಸಿಕ್ಕಿದ್ದು ಕಳೆದುಹೋಗಿದ್ದ ಬಲವೇ.

ಇನ್ನೊಂದು ವಿಧಾನ ಹೆಡ್ಡಿನ ತಳವನ್ನು ತುಸು ಸವರಿಸಿ ಒತ್ತಡದ ಅನುಪಾತ ಹೆಚ್ಚಿಸುವುದು. ಈ ಕಾಲದ ಕಾರುಗಳಲ್ಲಿ ಅದು 7ರಿಂದ 8ರ ಆಸುಪಾಸು ಇತ್ತು. ಆದರ್ಶ ಆಟೊ ಚಕ್ರದ ಸೂತ್ರದಂತೆ ಅನುಪಾತ 7ರಲ್ಲಿ ದಕ್ಷತೆ ಶೇಕಡಾ 54, 9ರಲ್ಲಿ 58. ಲಾಭವೇನೋ ಇದೆ. ಆದರೆ ಮಿತಿ ಮೀರಿದರೆ ಪೆಟ್ರೋಲ್ ತಾನಾಗಿಯೇ ಸಿಡಿದು ಟಣಟಣ ಸದ್ದಿನ ‘ನಾಕಿಂಗ್’ ಶುರುವಾಗುತ್ತದೆ. ಘಾಟಿಯಲ್ಲಿ ಭಾರ ಎಳೆಯುವಾಗ ಇದೇ ಸದ್ದು ಪಿಸ್ಟನ್ನಿಗೆ ತೂತು ಕೊರೆಯಬಲ್ಲದು. ಒಮ್ಮೆ ಸವರಿದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಇನ್ನು ಸೈಲೆನ್ಸರ್ ಕಳಚುವ ಹುಚ್ಚು. ಇದರಿಂದ ಹೆಚ್ಚುವುದು ಮುಖ್ಯವಾಗಿ ಸದ್ದು. ಕಿವಿಗೆ ವೇಗ ಹೆಚ್ಚಿದಂತೆ ಕೇಳಿಸುತ್ತದೆ, ಗಡಿಯಾರ ಹಿಡಿದು ನೋಡಿದರೆ ಇದ್ದಷ್ಟೇ ಇರುತ್ತದೆ. ದಂಡದ ರಶೀದಿ ಮಾತ್ರ ಹೆಚ್ಚುವರಿ.

ಪೆಟ್ರೋಲೂ ಬದಲಾಗಿದೆ

ಹಳೆಯ ಎಂಜಿನ್ನಿನ ಬಲ ಕುಗ್ಗಲು ಅದರ ತಪ್ಪಲ್ಲದ ಕಾರಣವೂ ಒಂದಿದೆ. ಇವುಗಳನ್ನು ವಿನ್ಯಾಸ ಮಾಡಿದ ಕಾಲದ ಪೆಟ್ರೋಲ್ ಈಗ ಬಂಕಿನಲ್ಲಿ ಸಿಗುವುದಿಲ್ಲ. 2000ದ ಹೊತ್ತಿಗೆ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ ನಿಂತಿತು. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿಯನ್ನು ನೆನೆದರೆ ಅದು ಹೋದದ್ದೇ ಒಳ್ಳೆಯದಾಯಿತು. ಆದರೆ ಹಳೆಯ ಎರಕದ ಹೆಡ್ಡುಗಳಲ್ಲಿ ವಾಲ್ವಿನ ಪೀಠ ಸವೆಯದಂತೆ ಕಾಯುತ್ತಿದ್ದದ್ದು ಆ ಸೀಸವೇ. ಹೆಡ್ ಇಳಿಸುವ ಸಂದರ್ಭ ಬಂದಾಗ ಗಟ್ಟಿ ಲೋಹದ ಪೀಠ ಕೂರಿಸುವುದು ಜಾಣತನ.

ಈಗ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆಯುತ್ತಿದೆ. ಎಥನಾಲ್ ನಾಕಿಂಗನ್ನು ತಡೆಯುತ್ತದೆ. ಆದರೆ ಲೀಟರಿಗೆ ಅದು ಕೊಡುವ ಶಕ್ತಿ ಪೆಟ್ರೋಲಿನ ಮೂರನೆಯ ಎರಡು ಪಾಲು ಮಾತ್ರ. ಮಿಶ್ರಣದಲ್ಲಿ ಲೀಟರಿನ ಶಕ್ತಿ ಸುಮಾರು ಶೇಕಡಾ 7 ಇಳಿಯುತ್ತದೆ. ಹೊಸ ಕಾರಿನ ಕಂಪ್ಯೂಟರು ಇದನ್ನು ಗಮನಿಸಿ ಇಂಧನ ಹೆಚ್ಚಿಸುತ್ತದೆ. ಕಾರ್ಬ್ಯುರೇಟರಿಗೆ ಆ ಬುದ್ಧಿಯಿಲ್ಲ. ಹಳೆಯ ಜೆಟ್ಟಿನಲ್ಲೇ ಓಡಿದರೆ ಮಿಶ್ರಣ ತೆಳುವಾಗಿ ಪಿಕಪ್ ಕುಂದುತ್ತದೆ, ಎಂಜಿನ್ನು ಬಿಸಿಯಾಗುತ್ತದೆ. ತಿಳಿದ ಮೆಕ್ಯಾನಿಕ್ಕಿನಿಂದ ಜೆಟ್ಟನ್ನು ಹೊಂದಿಸಿಕೊಳ್ಳಬೇಕು. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮುಗಳನ್ನು ಎಥನಾಲ್ ತಿನ್ನುವುದರಿಂದ ಅವುಗಳನ್ನೂ ಬದಲಿಸುವುದು ಕ್ಷೇಮ. ಬಿರುಕು ಬಿಟ್ಟ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುವುದು ಬಿಸಿ ಎಂಜಿನ್ನಿನ ಮೇಲೆ ಎಂಬುದನ್ನು ಮರೆಯಬಾರದು.

ಎಂಜಿನ್ನೇ ಬದಲಿಸಿದರೆ?

ಮಗನ ಮೂಲ ಬೇಡಿಕೆಗೆ ಈಗ ಬರಬಹುದು. ತಯಾರಕರೇ ಈ ಕೆಲಸ ಮಾಡಿದ ಉದಾಹರಣೆಯಿದೆ. ಹಿಂದುಸ್ಥಾನ್ ಮೋಟರ್ಸ್ 1980ರ ದಶಕದಲ್ಲಿ ಹೊರತಂದ ಕಂಟೆಸ್ಸಾ ಕಾರಿಗೆ ಮೊದಲು ಹಾಕಿದ್ದು ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನನ್ನೇ. ದೊಡ್ಡ ಮೈಗೆ ಸಣ್ಣ ಎಂಜಿನ್ನು ಸಾಲಲಿಲ್ಲ. ಅದೇ ದಶಕದಲ್ಲಿ ಜಪಾನಿನ ಇಸುಜು ಕಂಪನಿಯ 1817 ಸಿ.ಸಿ. ಎಂಜಿನ್ನು ಬಂತು. 1990ರ ದಶಕದ ಆರಂಭದಲ್ಲಿ ಅದೇ ಎಂಜಿನ್ನು ಅಂಬಾಸಿಡರಿಗೂ ಬಂದು, 75 ಅಶ್ವಶಕ್ತಿಯ ಕಾರು ರಸ್ತೆಗಿಳಿಯಿತು. ಗಮನಿಸಬೇಕಾದದ್ದೆಂದರೆ, ಎಂಜಿನ್ನಿನ ಜೊತೆ ಐದು ಗೇರುಗಳ ಹೊಸ ಗೇರ್ ಬಾಕ್ಸೂ ಬಂತು. ಒಂದನ್ನು ಬದಲಿಸಿದರೆ ಇನ್ನೊಂದನ್ನು ಬದಲಿಸದೆ ವಿಧಿಯಿಲ್ಲ.

ಕಾರ್ಖಾನೆ ಮಾಡಿದ್ದನ್ನು ಮನೆಯ ಅಂಗಳದಲ್ಲಿ ಮಾಡಲು ಕಾನೂನು ಬಿಡುವುದಿಲ್ಲ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಿಗದಿ ಮಾಡಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ಹಳೆಯ ಎಂಜಿನ್ನು ಕೆಟ್ಟಾಗ ಅದೇ ಮಾದರಿಯ ಇನ್ನೊಂದನ್ನು ಕೂರಿಸುವುದಾದರೂ ಆರ್‌ಟಿಒ ಕಚೇರಿಯ ಅನುಮತಿ ಬೇಕು, ಹೊಸ ಎಂಜಿನ್ ಸಂಖ್ಯೆ ಆರ್‌ಸಿಯಲ್ಲಿ ದಾಖಲಾಗಬೇಕು. ದಾಖಲೆಗೂ ಕಾರಿಗೂ ತಾಳೆಯಾಗದಿದ್ದರೆ ಅಪಘಾತದ ದಿನ ವಿಮೆಯೂ ಕೈಕೊಡಬಹುದು.

ಮೂಲ ಎಂಜಿನ್ನನ್ನು ಉಳಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ಖಾಸಗಿ ಕಾರುಗಳನ್ನು ‘ವಿಂಟೇಜ್’ ಎಂದು ಪ್ರತ್ಯೇಕವಾಗಿ ನೋಂದಾಯಿಸಬಹುದು. ಆದರೆ ಕಾರು ಮೂಲರೂಪದಲ್ಲೇ ಇರಬೇಕು. ಚಾಸಿಸ್, ಮೈಕಟ್ಟು, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಕೂಡದು. 1970ರ ದಶಕದ ಅಂಬಾಸಿಡರು, ಪದ್ಮಿನಿಗಳು ಒಂದೊಂದಾಗಿ ಈ ವಯಸ್ಸು ಮುಟ್ಟುತ್ತಿವೆ. ಕೊಟ್ಟಿಗೆಯ ಮೂಲೆಯ ಕಾರು ನಾಳೆ ಗೌರವದ ವಸ್ತುವಾಗಬಲ್ಲದು. ಇಂದಿನ ಆತುರದ ಒಂದು ಮಾರ್ಪಾಟು ಆ ದಾರಿಯನ್ನು ಮುಚ್ಚಿಬಿಡುತ್ತದೆ.

ಏರಿದ್ದನ್ನು ಇಳಿಯಬೇಕಲ್ಲ?

ಬಲದ ಮಾತಾಡುವವರು ಹೆಚ್ಚಾಗಿ ಮರೆಯುವುದು ಘಾಟಿಯ ಇನ್ನೊಂದು ಮುಖವನ್ನು. 1500 ಕಿಲೋದ ಕಾರು 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 73 ಲಕ್ಷ ಜೂಲ್. ಎರಡು ಕೊಡ, ಅಂದರೆ ಸುಮಾರು 25 ಲೀಟರ್ ನೀರನ್ನು ಕುದಿಸಲು ಸಾಕಾಗುವಷ್ಟು ಶಾಖ! ಅದರ ಬಹುಪಾಲನ್ನು ಬ್ರೇಕೇ ನುಂಗಬೇಕಾಗಿ ಬಂದರೆ ಏನಾದೀತು? ಈ ಹಳೆಯ ಅಂಬಾಸಿಡರು, ಪದ್ಮಿನಿಗಳಲ್ಲಿ ನಾಲ್ಕು ಚಕ್ರಗಳಿಗೂ ಇದ್ದದ್ದು ಡ್ರಮ್ ಬ್ರೇಕು. ಮುಚ್ಚಿದ ಡ್ರಮ್ಮಿನೊಳಗೆ ಶಾಖ ಬೇಗ ಆರುವುದಿಲ್ಲ. ಕಾದಂತೆ ಲೈನರಿನ ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ವರ್ಷಗಟ್ಟಲೆ ಬದಲಿಸದಿದ್ದರೆ ಆ ನೀರು ಬಿಸಿಗೆ ಹಬೆಯಾಗಿ, ಪೆಡಲು ನೆಲಕ್ಕಿಳಿದರೂ ಕಾರು ನಿಲ್ಲುವುದಿಲ್ಲ. ಕರಾವಳಿಯ ಮಳೆಗಾಲ ಎಂಥದೆಂದು ಗೊತ್ತಿದ್ದವರು ಎರಡು ವರ್ಷಕ್ಕೊಮ್ಮೆಯಾದರೂ ಅದನ್ನು ಬದಲಿಸುತ್ತಾರೆ.

ಬಯಲು ರಸ್ತೆಯಲ್ಲೂ ಇದೇ ನ್ಯಾಯ. ಬ್ರಹ್ಮಾವರದಿಂದ ಕುಂದಾಪುರದ ಮೂಲಕ ಬೈಂದೂರಿನವರೆಗೆ ಹೆದ್ದಾರಿ ಈಗ ಚತುಷ್ಪಥ. ವೇಗ 60ರಿಂದ 80ಕ್ಕೆ ಏರಿದರೆ ನಿಲ್ಲಿಸಬೇಕಾದ ಶಕ್ತಿ ಮುಕ್ಕಾಲು ಪಾಲಿಗಿಂತಲೂ ಹೆಚ್ಚುತ್ತದೆ. ಗಾಳಿಯನ್ನು ಸೀಳಲು ಬೇಕಾದ ಬಲವಂತೂ ವೇಗದ ಘನದಂತೆ ಏರುತ್ತದೆ. 80ರಿಂದ 100ಕ್ಕೆ ಹೋಗಲು ಅದು ಸುಮಾರು ಇಮ್ಮಡಿ ಬೇಕು. ಮರವಂತೆಯಂತಹ ಕಡೆ ಉಪ್ಪುಗಾಳಿ ಸದಾ ಬೀಸುತ್ತದೆ. ಅದು ತಿಂದ ಬ್ರೇಕ್ ಪೈಪು, ಚಾಸಿಸ್ಸುಗಳ ಮೇಲೆ ಹೆಚ್ಚುವರಿ ಬಲ ಹೇರುವ ಮೊದಲು ಕಾರಿನಡಿ ಮಲಗಿ, ದೀಪ ಹಿಡಿದು ನೋಡುವುದು ಒಳ್ಳೆಯದು.

ಆದ್ದರಿಂದ ಕ್ರಮ ಹೀಗಿರಬೇಕು: ಮೊದಲು ಬ್ರೇಕು ಮತ್ತು ಟಯರು, ಆಮೇಲೆ ರೇಡಿಯೇಟರು, ಆಮೇಲೆ ಎಂಜಿನ್ನು. ಹುಡುಗರು ಮಾಡಹೊರಡುವುದು ಸರಿಯಾಗಿ ಇದರ ತಲೆಕೆಳಗು.

ಅಪ್ಪಯ್ಯನೂ ಮಾಣಿಯೂ

ಹಾಗಾದರೆ ಮಗನ ಉತ್ಸಾಹವನ್ನು ಗದರಿಸಿ ಸುಮ್ಮನಾಗಿಸಬೇಕೆ? ಹಾಗೆ ಮಾಡಿದರೆ ನಷ್ಟ ಇಬ್ಬರಿಗೂ. ಉಷ್ಣಶಾಸ್ತ್ರ, ಘರ್ಷಣೆ, ವಿದ್ಯುತ್ತು, ಲೋಹಗಳ ಗುಣ ಇವನ್ನೆಲ್ಲ ಒಂದೇ ಬಾನೆಟ್ಟಿನಡಿ ಕಲಿಸುವ ಇನ್ನೊಂದು ಸಾಧನ ಮನೆಯಲ್ಲಿಲ್ಲ. ಹೊಸ ಕಾರಿನ ಎಂಜಿನ್ನು ಪ್ಲಾಸ್ಟಿಕ್ ಮುಚ್ಚಳದಡಿ, ಕಂಪ್ಯೂಟರಿನ ಕಾವಲಿನಲ್ಲಿರುತ್ತದೆ. ಹಳೆಯ ಕಾರು ಹಾಗಲ್ಲ. ಬಿಚ್ಚಿದರೆ ಕಾಣುತ್ತದೆ, ಮುಟ್ಟಿದರೆ ತಿಳಿಯುತ್ತದೆ. ಹುಡುಗನೊಬ್ಬ ಟ್ಯಾಪೆಟ್ ಹೊಂದಿಸಿ, ಪಾಯಿಂಟ್ ಸರಿಪಡಿಸಿ, ನಾಲ್ಕು ಸಿಲಿಂಡರುಗಳ ಒತ್ತಡವನ್ನು ನೋಟುಪುಸ್ತಕದಲ್ಲಿ ಬರೆದಿಟ್ಟರೆ ಅವನು ಪಠ್ಯದ ಹತ್ತಾರು ಪುಟಗಳನ್ನು ಕೈಯಿಂದ ಓದಿದಂತೆ. ಹುಡುಗಿಯರಿಗೂ ಈ ಮಾತು ಅನ್ವಯಿಸುತ್ತದೆ. ಸ್ಪ್ಯಾನರಿಗೆ ಗಂಡು ಹೆಣ್ಣೆಂಬ ಭೇದವಿಲ್ಲ.

ಈ ಆಸಕ್ತಿ ಗಟ್ಟಿಯಾದರೆ ಮುಂದಿನ ದಾರಿಗಳೂ ಇವೆ. ಐಟಿಐಗಳಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ, ಎಸ್ಸೆಸ್ಸೆಲ್ಸಿ ಬಳಿಕ ಮೂರು ವರ್ಷದ ಆಟೊಮೊಬೈಲ್ ಡಿಪ್ಲೊಮಾ, ನಂತರ ಎಂಜಿನಿಯರಿಂಗ್. ಹತ್ತಿರದ ಮಣಿಪಾಲದ ತಾಂತ್ರಿಕ ಕಾಲೇಜಿನ ವಿದ್ಯಾರ್ಥಿಗಳು ‘ಫಾರ್ಮುಲಾ ಮಣಿಪಾಲ್’ ತಂಡ ಕಟ್ಟಿ, ತಾವೇ ವಿನ್ಯಾಸ ಮಾಡಿದ ರೇಸ್ ಕಾರುಗಳನ್ನು ಸ್ಪರ್ಧೆಗೆ ಒಯ್ದಿದ್ದಾರೆ. ವೇಗದ ರುಚಿ ಹತ್ತಿದವರಿಗೆ ಚೆನ್ನೈ ಹತ್ತಿರದ ಇರುಂಗಾಟುಕೋಟ್ಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗಳಂತಹ ಮುಚ್ಚಿದ ರಸ್ತೆಗಳಿವೆ. ಶಾಲಾ ಮಕ್ಕಳು ದಾಟುವ ಹೆದ್ದಾರಿ ಅದಕ್ಕೆ ಜಾಗವಲ್ಲ.

ತಂದೆತಾಯಿಯರಿಗೂ ಒಂದು ಎಚ್ಚರಿಕೆಯ ಮಾತು. ರಿಪೇರಿ ಕಲಿಯಲು ವಯಸ್ಸಿನ ಮಿತಿಯಿಲ್ಲ. ಕಾರು ಓಡಿಸಲು ಇದೆ. ಹದಿನೆಂಟು ತುಂಬದ ಮಗ ರಸ್ತೆಗಿಳಿದು ತಪ್ಪು ಮಾಡಿದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ಮಾಲಿಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ವಾಹನದ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ‘ಅಂಗಳದಿಂದ ಅಂಗಡಿಯವರೆಗೆ ತಾನೇ’ ಎಂಬ ಸಡಿಲಿಕೆಯಿಂದಲೇ ಇಂಥವು ಶುರುವಾಗುತ್ತವೆ.

ಘಾಟಿಯಲ್ಲಿ ಪಳಗಿದ ಹಳೆಯ ಚಾಲಕರಲ್ಲಿ ಒಂದು ನಿಯಮವಿದೆ: ಯಾವ ಗೇರಿನಲ್ಲಿ ಏರಿದೆಯೋ ಅದೇ ಗೇರಿನಲ್ಲಿ ಇಳಿ. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರನ್ನು ಅವರು ಚಾಲಕರೆಂದೇ ಒಪ್ಪುವುದಿಲ್ಲ. ಗೇರಿನಲ್ಲಿದ್ದಾಗ ಇಳಿಯುವ ಕಾರನ್ನು ಎಂಜಿನ್ನೇ ಹಿಡಿದಿಡುತ್ತದೆ. ಕಾರನ್ನು ಮೇಲೆ ಎಳೆದುಕೊಂಡು ಬಂದ ಯಂತ್ರವೇ ಅದು ಕೆಳಗೆ ಉರುಳದಂತೆ ಕಾಯುತ್ತದೆ. ಚೆನ್ನಾಗಿ ಹದ ಮಾಡಿದ, ಸೋರಿಕೆಯಿಲ್ಲದ ಎಂಜಿನ್ನು ಏರುವಾಗ ಹೆಚ್ಚು ಎಳೆಯುತ್ತದೆ, ಇಳಿಯುವಾಗ ಹೆಚ್ಚು ಬಿಗಿ ಹಿಡಿಯುತ್ತದೆ.

ಮುಂದಿನ ಭಾನುವಾರ ತಂದೆಯೂ ಮಗನೂ ಬಾನೆಟ್ ಎತ್ತಿ ನಿಂತರೆ ಮೊದಲ ಕೆಲಸ ತಳ್ಳಿ ನೋಡುವುದು, ಎರಡನೆಯದು ಬ್ರೇಕ್ ಆಯಿಲ್ ನೋಡುವುದು. ಪ್ಲಗ್ ಬಿಚ್ಚುವುದು ಆಮೇಲೆ. ಕೆಲಸ ಮುಗಿದು, ನಾಗೋಡಿಯನ್ನೋ ಬಾಳೆಬರೆಯನ್ನೋ ಆಗುಂಬೆಯನ್ನೋ ಕಲ್ಲು ಇಡದೆ ಏರಿ, ಬ್ರೇಕ್ ಕಾಯದಂತೆ ಇಳಿದು ಮನೆ ಸೇರಿದರೆ, ಆ ಹಳೆಯ ಕಾರಿನಿಂದ ಪಡೆಯಬೇಕಾದ ಬಲವನ್ನು ಪಡೆದಂತೆಯೇ.